ಖಿನ್ನತೆಯ ಮಾತ್ರೆಯ ಜೊತೆಗೆ ನಾಟಿ ಮದ್ದು ಕೊಡಬಹುದೇ?

ಪ್ರಶ್ನೆ (ಮೂಡಿಗೆರೆ):
ಎಲ್ಲರಿಗೂ ನಮಸ್ಕಾರ. ನಮ್ಮ ತೋಟವನ್ನು ನೋಡಿಕೊಳ್ಳುವ ನನ್ನ ತಮ್ಮನಿಗೆ ಕಳೆದ ಮಳೆಗಾಲದಿಂದ ಯಾವುದರಲ್ಲಿಯೂ ಆಸಕ್ತಿಯಿಲ್ಲ; ನಸುಕಿಗೇ ಎಚ್ಚರವಾಗುತ್ತದೆ, ಊಟ ಸೇರುವುದಿಲ್ಲ, ಹಣ್ಣು ಕೊಯ್ಲಿನ ಸಮಯದಲ್ಲಿಯೂ ಕಣದ ಕಡೆಗೆ ಬರಲಿಲ್ಲ. ಮನೋವೈದ್ಯರು ಖಿನ್ನತೆಯೆಂದು ತಿಳಿಸಿ ಎಸಿಟಲೋಪ್ರಾಮ್ ಮಾತ್ರೆ ಬರೆದುಕೊಟ್ಟಿದ್ದಾರೆ. ಎರಡು ವಾರವಾದರೂ ಗುಣ ಕಾಣದ ಕಾರಣ ದೊಡ್ಡಮ್ಮ ಒಬ್ಬ ನಾಟಿ ವೈದ್ಯರಿಂದ ಬೇರಿನ ಪುಡಿ ತರಿಸಿದ್ದಾರೆ. ಇಂಗ್ಲಿಷ್ ಮದ್ದು ಒಮ್ಮೆ ಹಿಡಿದರೆ ಬಿಡುವುದಿಲ್ಲ ಎಂಬುದು ಅವರ ಭಯ. ಇತ್ತ ಜರ್ಮನಿಯಲ್ಲಿರುವ ಭಾವ, ಅಲ್ಲಿ ವೈದ್ಯರೇ ಬರೆದುಕೊಡುವ ಗಿಡಮೂಲಿಕೆಯೆಂದು ಸೇಂಟ್ ಜಾನ್ಸ್ ವರ್ಟ್ ಕ್ಯಾಪ್ಸೂಲ್ ಕಳುಹಿಸುವುದಾಗಿ ಹೇಳುತ್ತಿದ್ದಾರೆ. ಇವುಗಳಿಂದ ಖಿನ್ನತೆ ವಾಸಿಯಾಗುತ್ತದೆಯೇ? ಮಾತ್ರೆಯ ಜೊತೆಗೆ ಕೊಡಬಹುದೇ?

ಉತ್ತರ (ಹಾಸನ, ಔಷಧಿ ಅಂಗಡಿಯವರು):
ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಜೊತೆಗೆ ಕೊಡಬೇಡಿ. ಖಿನ್ನತೆಗೆ ಬಳಸುವ ಗಿಡಮೂಲಿಕೆಗಳಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾಗಿರುವುದು ಸೇಂಟ್ ಜಾನ್ಸ್ ವರ್ಟ್, ಅಂದರೆ ಯುರೋಪಿನಲ್ಲಿ ಬೆಳೆಯುವ ಹಳದಿ ಹೂವಿನ ಹೈಪರಿಕಂ ಗಿಡ. 29 ಪ್ರಯೋಗಗಳನ್ನೂ 5,489 ರೋಗಿಗಳನ್ನೂ ಒಳಗೊಂಡ 2008ರ ಕಾಕ್ರೇನ್ (ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಅಂತರರಾಷ್ಟ್ರೀಯ ಸಂಸ್ಥೆ) ಪರಿಶೀಲನೆಯು, ಅದು ಔಷಧಿಯಿಲ್ಲದ ಹುಸಿಮಾತ್ರೆಗಿಂತ ಮೇಲು, ಸಾಮಾನ್ಯ ಖಿನ್ನತೆ ಮಾತ್ರೆಗಳಿಗೆ ಸರಿಸಮ ಎಂಬ ನಿರ್ಣಯಕ್ಕೆ ಬಂದಿತ್ತು. ಜರ್ಮನ್ ಭಾಷಿಕ ದೇಶಗಳಲ್ಲಿ ನಡೆದ ಪ್ರಯೋಗಗಳ ಫಲಿತಾಂಶ ಉಳಿದವುಗಳಿಗಿಂತ ಹೆಚ್ಚು ಅನುಕೂಲಕರವಾಗಿದ್ದುದನ್ನೂ ಅದೇ ಪರಿಶೀಲನೆ ಗುರುತಿಸಿದೆ ಎಂಬುದನ್ನು ಭಾವನವರಿಗೆ ತಿಳಿಸಬಹುದು.

ಆದರೆ ಕೆಲಸ ಮಾಡುವ ಗಿಡವೆಂದ ಮೇಲೆ ಅದು ಔಷಧಿಯೇ. ಎಸಿಟಲೋಪ್ರಾಮ್ ಜೊತೆಗೆ ಸೇರಿದಾಗ ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕ ಅಪಾಯದ ಮಟ್ಟಕ್ಕೆ ಏರಿ ನಡುಕ, ಬೆವರು, ಜ್ವರ, ಎದೆಬಡಿತ, ಗಲಿಬಿಲಿ ಉಂಟಾಗಬಹುದು. ಅಲ್ಲದೆ ಅದು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಗರ್ಭನಿರೋಧಕ ಮಾತ್ರೆ, ಅಂಗಾಂಗ ಕಸಿಯಾದವರು ಸೇವಿಸುವ ಸೈಕ್ಲೋಸ್ಪೋರಿನ್ ಮುಂತಾದವುಗಳ ಬಲವನ್ನೇ ಕುಗ್ಗಿಸುತ್ತದೆ.

ಉತ್ತರ (ಬೇಲೂರು, ಆಯುರ್ವೇದ ವೈದ್ಯೆ):
ನನಗೆ ಹೆಚ್ಚು ಆತಂಕವಾಗಿರುವುದು ಕ್ಯಾಪ್ಸೂಲಿನ ಬಗ್ಗೆ ಅಲ್ಲ, ಆ ಪುಡಿಯ ಬಗ್ಗೆ. ಮನಸ್ಸಿನ ತೊಂದರೆಯೆಂದೊಡನೆ ನಮ್ಮ ಕಡೆ ಕೆಲವರು ಸರ್ಪಗಂಧದ ಬೇರನ್ನು ಕೊಡುತ್ತಾರೆ. ಉದ್ರೇಕ ಮತ್ತು ನಿದ್ರಾಹೀನತೆಗೆ ಅದು ಹಳೆಯ ಮದ್ದು ಎಂಬುದು ನಿಜ. ಆದರೆ 1952ರಲ್ಲಿ ಆ ಬೇರಿನಿಂದ ಬೇರ್ಪಡಿಸಿದ ರಿಸರ್ಪಿನ್, ರಕ್ತದೊತ್ತಡದ ಔಷಧಿಯಾಗಿ ಬಳಕೆಗೆ ಬಂದಾಗ, ಕೆಲವು ರೋಗಿಗಳು ಖಿನ್ನತೆಗೆ ಒಳಗಾದ ವರದಿಗಳು ಬಂದವು; ಅದು ಮಿದುಳಿನ ರಾಸಾಯನಿಕಗಳಾದ ಸೆರೊಟೋನಿನ್, ನಾರ್‌ಅಡ್ರಿನಲಿನ್‌ಗಳ ಸಂಗ್ರಹವನ್ನೇ ಬರಿದುಮಾಡುತ್ತದೆ. ಆದ್ದರಿಂದ ಖಿನ್ನತೆಯಿರುವವರಿಗೆ ರಿಸರ್ಪಿನ್ ಕೊಡಬಾರದು. ಉನ್ಮಾದಕ್ಕೆ ಹೊಂದುವ ಬೇರು ವಿಷಾದಕ್ಕೆ ಹೊಂದುವುದಿಲ್ಲ. ಹೆಸರು ಹೇಳದೆ ಕೊಟ್ಟ ಪುಡಿಯನ್ನು ಯಾರಿಗೂ ತಿನ್ನಿಸಬಾರದು ಎಂದು ಆಯುರ್ವೇದ ಓದಿದವಳಾಗಿಯೇ ಹೇಳುತ್ತಿದ್ದೇನೆ.

ಅಶ್ವಗಂಧದಿಂದ ಒತ್ತಡ ಮತ್ತು ನಿದ್ರೆಗೆ ತಕ್ಕಮಟ್ಟಿನ ಪ್ರಯೋಜನ ಕಂಡುಬಂದಿದೆ. ಆದರೆ ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಅಪರೂಪಕ್ಕೆ ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ. ಕೇಸರಿಯನ್ನು ದಿನಕ್ಕೆ 30 ಮಿಲಿಗ್ರಾಂನಂತೆ ಕೊಟ್ಟು ಇರಾನಿನಲ್ಲಿ ನಡೆಸಿದ ಸಣ್ಣ ಪ್ರಯೋಗಗಳು ಭರವಸೆ ಮೂಡಿಸಿದರೂ, ಕಲಬೆರಕೆಯಿಲ್ಲದ ಕೇಸರಿ ಸಿಗುವುದೇ ಕಷ್ಟ. ಒಂದೆಲಗದ ತಂಬುಳಿಯನ್ನು ದೊಡ್ಡಮ್ಮ ಧಾರಾಳವಾಗಿ ಮಾಡಿ ಬಡಿಸಲಿ, ಅದನ್ನು ಚಿಕಿತ್ಸೆಯೆಂದು ಭಾವಿಸದಿದ್ದರೆ ಆಯಿತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಪುಡಿಯನ್ನು ಆಗಲೇ ಕೆಲವು ದಿನ ಕೊಟ್ಟಾಗಿದೆ. ಯಾವ ಬೇರೆಂದು ತಿಳಿಸಲು ನಾಟಿ ವೈದ್ಯರು ಒಪ್ಪುತ್ತಿಲ್ಲ. ಈಗ ಎರಡನ್ನೂ ನಿಲ್ಲಿಸಬೇಕೇ?

ಉತ್ತರ (ಸಕಲೇಶಪುರ, ನಿವೃತ್ತ ಶುಶ್ರೂಷಕಿ):
ಪುಡಿಯನ್ನು ಇಂದೇ ನಿಲ್ಲಿಸಿ. ಮಾತ್ರೆಯನ್ನು ವೈದ್ಯರ ಮಾತಿಲ್ಲದೆ ನಿಲ್ಲಿಸಬೇಡಿ. ಉಳಿದ ಪುಡಿಯನ್ನು ಪೊಟ್ಟಣದ ಸಮೇತ ಮನೋವೈದ್ಯರಿಗೆ ತೋರಿಸಿ, ರಕ್ತದೊತ್ತಡವನ್ನು ಪರೀಕ್ಷೆ ಮಾಡಿಸಿ. ಥೈರಾಯ್ಡ್ ಮತ್ತು ಬಿ12 ಪರೀಕ್ಷೆ ಆಗಿಲ್ಲದಿದ್ದರೆ ಅದನ್ನೂ ಕೇಳಿ, ಏಕೆಂದರೆ ಅವೆರಡರ ಕೊರತೆಯೂ ಖಿನ್ನತೆಯಂತೆಯೇ ಕಾಣಿಸಿಕೊಳ್ಳಬಲ್ಲದು.

ದೊಡ್ಡಮ್ಮನವರಿಗೆ ಹೀಗೆ ತಿಳಿಸಿ ಹೇಳಬಹುದು: ಈ ಮಾತ್ರೆಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಮಯ ಬೇಕು, ಮದ್ಯದಂತೆ ಇವು ಚಟವಾಗುವುದಿಲ್ಲ, ಆದರೆ ಥಟ್ಟನೆ ಬಿಟ್ಟರೆ ತಲೆಸುತ್ತು, ಕಿರಿಕಿರಿ ಬರುವುದರಿಂದ ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ.

ಇನ್ನೊಂದು ವಿಷಯವನ್ನು ಮುಜುಗರವಿಲ್ಲದೆ ಹೇಳಬೇಕು. ತೋಟದ ಮನೆಯಲ್ಲಿ ಕಳೆನಾಶಕ, ಕ್ರಿಮಿನಾಶಕ, ಕೋವಿ ಇದ್ದರೆ ಬೀಗ ಹಾಕಿ ಬೀಗದ ಕೈಯನ್ನು ನೀವು ಇಟ್ಟುಕೊಳ್ಳಿ. ಬದುಕು ಬೇಡವೆಂಬ ಮಾತು ಅವರ ಬಾಯಲ್ಲಿ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಿ. ಕೇಳಿದ ಮಾತ್ರಕ್ಕೆ ಅಂತಹ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸಲಹೆ ಬೇಕೆನಿಸಿದಾಗ ಹಗಲಿರುಳೂ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.