ರಾತ್ರಿ ಪಾರ್ಕ್ ಗೇಟ್ ಹತ್ರ ಆಗಿದ್ದು, ಎಲ್ಲಾರೂ ಓದ್ರಿ

3ನೇ ಕ್ರಾಸ್, ಮೂಲೆ ಮನೆ: ರಾತ್ರಿ ಕರೆಂಟ್ ಹೋದಾಗ ನಮ್ಮ ವಿಕಲಚೇತನ ಹುಡುಗ ಹೆದ್ರಿ ಗೇಟ್ ತೆಕ್ಕೊಂಡು ಹೊರಗೆ ಹೋಗ್ಯಾನೆ, ಪಾರ್ಕ್ ಹತ್ರ ನಾಕು ಜನ ಕಳ್ಳ ಕಳ್ಳ ಅಂತ ಹಿಡಿದು ಅಂಗಿ ಹರಿದು ವಿಡಿಯೋ ಮಾಡ್ತಾ ನಿಂತಿದ್ರಿ. ಹೆಸರು ಕೇಳಿದ್ರೆ ಚಪ್ಪಾಳೆ ತಟ್ಟಿದ್ನಂತೆ. ಹೆದ್ರಿಕೆ ಆದ್ರೆ ಅವನು ಮಾಡೋದೇ ಅದು! ಹುಟ್ಟಿದಾಗಿಂದ ಇದೇ ಬೀದೀಲಿ ಇರೋ ಹುಡುಗನ ಗುರ್ತು ಒಬ್ರಿಗೂ ಸಿಗಲಿಲ್ವಾ?

2ನೇ ಕ್ರಾಸ್ ಟೀಚರ್: ಅಯ್ಯೋ ಅಕ್ಕಾ, ಪೆಟ್ಟಾಯ್ತಾ?

ಖಜಾಂಚಿ: ಬೇಜಾರಾಗ್ಬೇಡ್ರಮ್ಮಾ, ಆದ್ರೆ ಅಂಥ ಹುಡುಗನ್ನ ರಾತ್ರಿ ಹೊರಗೆ ಬಿಟ್ಟಿದ್ದು ಯಾರ ತಪ್ಪು? 5ನೇ ಕ್ರಾಸಲ್ಲಿ ಬೈಕ್ ಕಳುವಾದಾಗಿಂದ ಜನ ಹುಷಾರಾಗಿದಾರೆ. ಸಿಸಿಟಿವಿಗೆ ದುಡ್ಡು ಕೊಡ್ರಿ ಅಂದ್ರೆ ಯಾರೂ ಕೊಡಲ್ಲ.

3ನೇ ಕ್ರಾಸ್, ಮೂಲೆ ಮನೆ: ಕೂಡಿ ಹಾಕ್ಬೇಕಿತ್ತಾ ಸಾರ್? ಸ್ಕೂಲಿನ ವರ್ಷಗಳು ಮುಗಿದ್ಮೇಲೆ ಅವನಿಗೆ ಹೋಗಾಕೆ ಜಾಗಾನೇ ಇಲ್ಲ, ದಿನಾ ಟಿವಿ, ಇಲ್ಲಾ ಕಿಟಕಿ. ಜನಕ್ಕೆ ಗುರ್ತಾಗೋದಾದ್ರೂ ಹೆಂಗೆ? ವಿಕಲಚೇತನರ ಹಕ್ಕುಗಳ ಕಾಯ್ದೆ, 2016, ಸೆಕ್ಷನ್ 5 ಓದ್ರಿ, ಎಲ್ಲರ ಜೊತೆ ಸಮಾಜದಲ್ಲಿ ಬದುಕೋ ಹಕ್ಕು ಇವರಿಗೂ ಐತೆ. ಸಮುದಾಯ ಭವನ ಮದುವೆ ಸೀಸನ್ ಬಿಟ್ರೆ ಬೀಗ ಹಾಕೇ ಇರುತ್ತೆ, ಬೆಳಗ್ಗೆ ಎರಡು ತಾಸು ಕೊಡ್ರಿ ಸಾಕು. ಇಂಥ ಮಕ್ಕಳು ಇಲ್ಲೇ ಆರೇಳು ಜನ ಅದಾರೆ, ಪೇಪರ್ ಕವರ್ ಮಾಡ್ಲಿ, ಅಂಗಡಿಗೆ ಹೋಗಿ ದುಡ್ಡು ಎಣಿಸಿ ಕೊಟ್ಟು ಸೊಪ್ಪು ತರೋದು ಕಲೀಲಿ, ನೀವೂ ಅವರ ಮುಖ ನೋಡ್ರಿ.

ಕಿರಾಣಿ ಅಂಗಡಿ: 🌹🙏 ಶುಭೋದಯ. ನಗು ನಗುತಾ ದಿನ ಆರಂಭಿಸಿ 🙏🌹

2ನೇ ಕ್ರಾಸ್ ಟೀಚರ್: ನಾನು ಬರ್ತೀನಿ ಅಕ್ಕಾ. ನಮ್ಮ ದಾವಣಗೆರೇಲೇ ವಿಕಲಚೇತನರ ಪುನರ್ವಸತಿಗೆ ಕೇಂದ್ರ ಸರ್ಕಾರದ ಸಿಆರ್‌ಸಿ ಐತಲ್ಲ, ಫಿಸಿಯೋ, ಸ್ಪೀಚ್ ಥೆರಪಿ, ವಿಶೇಷ ಶಿಕ್ಷಣ ಎಲ್ಲ ಇದೆ, ಅಲ್ಲಿನೋರನ್ನ ಕೇಳೋಣ ಹೆಂಗೆ ಶುರು ಮಾಡೋದು ಅಂತ. ಯುಡಿಐಡಿ ಕಾರ್ಡ್, ಅಂದ್ರೆ ವಿಕಲಚೇತನರ ಗುರುತಿನ ಚೀಟಿ, ಆಗ್ದೇ ಇರೋರು ಮಾಡಿಸ್ಕೊಳ್ರಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಇದ್ದೋರಿಗೆ ನಿರಾಮಯ ಆರೋಗ್ಯ ವಿಮೆ 1 ಲಕ್ಷದವರೆಗೂ ಐತೆ.

1ನೇ ಕ್ರಾಸ್, ಗಾಲಿಕುರ್ಚಿ: ಭವನಕ್ಕೆ ರ‍್ಯಾಂಪೇ ಇಲ್ಲ, ನನ್ನನ್ನ ಇಬ್ರು ಎತ್ಕೊಂಡು ಹೋಗ್ಬೇಕು. ಅಡಿ ಎತ್ತರಕ್ಕೆ 12 ಅಡಿ ಉದ್ದ ಬಿಡ್ಬೇಕು, ಸುಮ್ನೆ ಸಿಮೆಂಟ್ ಸುರಿದ್ರೆ ಜಾರುಬಂಡೆ ಆಗುತ್ತೆ. ಪಾಲಿಕೇಲಿ ವಿಕಲಚೇತನರಿಗೆ ಶೇ 5 ಹಣ ಮೀಸಲು, ಅರ್ಜಿ ನಾನೇ ಬರೀತೀನಿ, ಸಹಿ ಹಾಕ್ರಿ.

ಖಜಾಂಚಿ: ಭವನದ ಬೀಗ ಕಮಿಟಿ ಕೈಲೈತೆ. ಮಕ್ಕಳು ಬಿದ್ರೆ ಯಾರು ಹೊಣೆ? ಯೋಗ ಕ್ಲಾಸಿಗೆ ಕೊಟ್ಟು ನಲ್ಲಿ ಮುರಿದಿದ್ದು ಮರೆತ್ರಾ?

5ನೇ ಕ್ರಾಸ್: ನಲ್ಲಿ ಮುರಿದಿದ್ದು ನಿಮ್ಮ ಮೊಮ್ಮಗನ ಬರ್ತ್‌ಡೇಲಿ ಸಾರ್.

ಖಜಾಂಚಿ: ಪ್ರೂಫ್ ಇಟ್ಕೊಂಡು ಮಾತಾಡ್ರಿ!! ಹಳೇ ಕಮಿಟಿ ಲೆಕ್ಕ ನಾನೂ ತೆಗೀತೀನಿ.

ಕಿರಾಣಿ ಅಂಗಡಿ: ಸಂಜೆ ಎಲ್ರೂ ಮಿರ್ಚಿ ಮಂಡಕ್ಕಿ ತಿನ್ರಪ್ಪಾ, ಬಾಯಿ ಖಾರ ಹೊಟ್ಟೆಗಿಳೀಲಿ 😄

3ನೇ ಕ್ರಾಸ್, ಮೂಲೆ ಮನೆ: ನಲ್ಲಿ ರಿಪೇರಿ ದುಡ್ಡು ನಾನು ಕೊಡ್ತೀನಿ. ಭವನ ಕೊಡ್ತೀರಾ ಇಲ್ವಾ ಅಷ್ಟು ಹೇಳ್ರಿ.

4ನೇ ಕ್ರಾಸ್: ಪಾರ್ಕ್ ಹತ್ರ ಲೈಟ್ ಉರಿದಿದ್ರೆ ಇದೆಲ್ಲಾ ಆಗ್ತಾನೇ ಇರ್ಲಿಲ್ಲ, ಕತ್ತಲಲ್ಲಿ ನಾಯಿಗಳ ಕಾಟ ಬೇರೆ.

ಖಜಾಂಚಿ: ಕರೆಕ್ಟ್. ಭಾನುವಾರ 10ಕ್ಕೆ ಮೀಟಿಂಗ್. ಲೈಟು, ಸಿಸಿಟಿವಿ, ನಾಯಿ. ಮನೆಗೆ 300 ತರ್ರಿ.

2ನೇ ಕ್ರಾಸ್ ಟೀಚರ್: ಭವನದ ವಿಷಯ ಮೊದ್ಲು ತಗೊಳ್ರಿ ಸಾರ್.

ಖಜಾಂಚಿ: ಟೈಮ್ ಉಳಿದ್ರೆ ನೋಡೋಣ.

4ನೇ ಕ್ರಾಸ್: 👍 ಲೈನ್‌ಮನ್ ನಂಬರ್ ಯಾರ ಹತ್ರ ಐತೆ?