ಸ್ಕೋಲಿಯೋಸಿಸ್ (ಬೆನ್ನುಮೂಳೆ ಪಕ್ಕಕ್ಕೆ ಬಾಗುವುದು) ಇರುವ ಮಕ್ಕಳು ಆಯತಪ್ಪುವುದೇಕೆ? ಪೋಷಕರ ಗುಂಪಿನಲ್ಲಿ ಫಿಸಿಯೋಥೆರಪಿಸ್ಟ್ ಜೊತೆ ಪ್ರಶ್ನೋತ್ತರ

ತುಮಕೂರಿನ ತಾಯಿ: ಮೇಡಂ, ನಮಸ್ಕಾರ. ಮಗಳಿಗೆ 13 ವರ್ಷ. ಬೆನ್ನುಮೂಳೆ ಬಲಕ್ಕೆ ಬಾಗಿದೆ, ಕಾಬ್ ಕೋನ (ಎಕ್ಸ್‌ರೇಯಲ್ಲಿ ಅಳೆಯುವ ಬಾಗಿನ ಅಳತೆ) 22 ಡಿಗ್ರಿ. ಒಂಟಿಕಾಲಿನಲ್ಲಿ ನಿಂತರೆ ತೂರಾಡುತ್ತಾಳೆ. ಕಿವಿಯ ತೊಂದರೆ ಇರಬಹುದೇ?

ಫಿಸಿಯೋ: ನಮಸ್ಕಾರ. ಕಣ್ಣು, ಒಳಗಿವಿ, ಪಾದ ಮತ್ತು ಕೀಲುಗಳಿಂದ ಬರುವ ಸುಳಿವುಗಳನ್ನು ಕೂಡಿಸಿ ಮಿದುಳು ನಮ್ಮನ್ನು ನಿಲ್ಲಿಸುತ್ತದೆ. ಮುಂಡ ಒಂದು ಪಕ್ಕಕ್ಕೆ ಸರಿದಾಗ ಆ ಲೆಕ್ಕ ಕಷ್ಟವಾಗುತ್ತದೆ. ಇಂಥ ಮಕ್ಕಳು ತುಸು ಹೆಚ್ಚು ವಾಲಾಡುವುದು ಸಾಮಾನ್ಯ. ಋತುಮತಿಯಾಗಿದ್ದಾಳೆಯೇ, ಯಾವಾಗ? ಬೆಳವಣಿಗೆ ಎಷ್ಟು ಬಾಕಿಯಿದೆ ಎಂದು ತಿಳಿಯದೆ ಮುಂದಿನದನ್ನು ಹೇಳಲಾರೆ.

ಮೈಸೂರಿನ ತಂದೆ: ಶಾಲೆಯ ಚೀಲದ ಭಾರದಿಂದ ಬೆನ್ನು ಹೀಗಾಗುತ್ತದೆಯೇ?

ಫಿಸಿಯೋ: ಇಲ್ಲ. ಬೆನ್ನು ನೋಯಬಹುದು, ಸ್ಕೋಲಿಯೋಸಿಸ್ ಬರುವುದಿಲ್ಲ.

ಶಿವಮೊಗ್ಗದ ಸದಸ್ಯರು: ‘ಕಂಬಿಗೆ ಜೋತುಬಿದ್ದು ಎಳ್ಳೆಣ್ಣೆ ತಿಕ್ಕಿಸಿದರೆ 21 ದಿನದಲ್ಲಿ ಬೆನ್ನು ನೆಟ್ಟಗೆ’ ಎಂಬ ಫಾರ್ವರ್ಡ್ ಬಂದಿದೆ.

ಫಿಸಿಯೋ: ಜೋತುಬಿದ್ದಷ್ಟು ಹೊತ್ತು ನೆಟ್ಟಗೆ ಕಾಣುತ್ತದೆ, ಇಳಿದರೆ ಮೊದಲಿನಂತೆಯೇ. ಎಣ್ಣೆಯಿಂದ ಚರ್ಮ ನುಣುಪಾದೀತು. ಬೆನ್ನನ್ನು ತಿರುಚಿ ‘ಟಕ್’ ಎನ್ನಿಸುವವರ ಬಳಿಗಂತೂ ಮಕ್ಕಳನ್ನು ಒಯ್ಯಲೇಬೇಡಿ.

ಉಡುಪಿಯ ತಾಯಿ: ಬ್ರೇಸ್ (ಬಾಗು ಹೆಚ್ಚದಂತೆ ಮುಂಡಕ್ಕೆ ಬಿಗಿಯುವ ಕವಚ) ಹಾಕಿಕೊಂಡ ಮೇಲೆ ಭರತನಾಟ್ಯ ಮುಂದುವರಿಸಬಹುದೇ?

ಗದಗದ ತಂದೆ: ಮಗನಿಗೆ 12 ವರ್ಷ. ಎದೆಯ ಮಟ್ಟದಲ್ಲಿ ಬೆನ್ನು ಎಡಕ್ಕೆ ಬಾಗಿದೆ, 28 ಡಿಗ್ರಿ. ತಲೆಗೆ ನೀರು ಹಾಕಿಕೊಳ್ಳುವಾಗ ಕಣ್ಣು ಮುಚ್ಚಿದರೆ ಗೋಡೆ ಹಿಡಿಯುತ್ತಾನೆ. ಮೊನ್ನೆ ರೊಟ್ಟಿಯ ಹಂಚು ತಗುಲಿ ಕೈಯಲ್ಲಿ ಗುಳ್ಳೆ ಎದ್ದಿತ್ತು, ಅವನಿಗೆ ಗೊತ್ತೇ ಆಗಿರಲಿಲ್ಲ. ಸಮತೋಲನಕ್ಕೆ ವ್ಯಾಯಾಮ ಹೇಳಿ.

ಫಿಸಿಯೋ: ವ್ಯಾಯಾಮ ಹೇಳುವುದಿಲ್ಲ. ಈ ವಾರವೇ ನರರೋಗ ತಜ್ಞರಿಗೆ ತೋರಿಸಿ. ಕಾರಣ ಗೊತ್ತಿಲ್ಲದ, ಹದಿಹರೆಯದ ಸ್ಕೋಲಿಯೋಸಿಸ್‌ನಲ್ಲಿ ಎದೆಯ ಮಟ್ಟದ ಬಾಗು ಬಹುಪಾಲು ಬಲಕ್ಕೇ ಇರುತ್ತದೆ. ಎಡಕ್ಕಿದ್ದರೆ ಒಮ್ಮೆ ನಿಂತು ನೋಡಬೇಕು. ಕಣ್ಣು ಮುಚ್ಚಿದಾಗ ವಾಲುವುದೊಂದೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಸುಟ್ಟದ್ದು ತಿಳಿಯದಿರುವುದು ನನ್ನನ್ನು ಹೆದರಿಸುತ್ತಿದೆ. ಬೆನ್ನುಹುರಿಯೊಳಗೆ ದ್ರವ ತುಂಬಿದ ಟೊಳ್ಳು ಬೆಳೆದರೆ (ಸಿರಿಂಕ್ಸ್ ಎನ್ನುತ್ತಾರೆ) ಬಿಸಿ, ತಂಪು, ನೋವು ತಿಳಿಸುವ ಎಳೆಗಳು ಮೊದಲು ಕೆಡುತ್ತವೆ. ಮುಟ್ಟಿದ್ದು ಮಾತ್ರ ತಿಳಿಯುತ್ತಿರುತ್ತದೆ. ಹಾಗಾಗಿ ಮನೆಯವರ ಕಣ್ಣಿಗೆ ಬೀಳುವುದಿಲ್ಲ. ತಲೆಬುರುಡೆ ಕುತ್ತಿಗೆಗೆ ಸೇರುವ ಜಾಗದಿಂದ ಹಿಡಿದು ಇಡೀ ಬೆನ್ನುಹುರಿಯ ಎಂಆರ್‌ಐ ಬೇಕಾಗಬಹುದು. ಕೆಮ್ಮಿದಾಗ, ಸೀನಿದಾಗ ತಲೆಯ ಹಿಂಭಾಗ ನೋಯುತ್ತದೆಯೇ? ಕೈಯ ಹಿಡಿತ ಸಡಿಲವಾಗಿದೆಯೇ? ಮೂತ್ರದ ತೊಂದರೆ ಇದೆಯೇ?

ಯೋಗ ಶಿಕ್ಷಕರು: ಎಲ್ಲದಕ್ಕೂ ಎಂಆರ್‌ಐ ಎಂದರೆ ವ್ಯಾಪಾರ. ವೃಕ್ಷಾಸನ ಮಾಡಿಸಿದರೆ ಸಮತೋಲನ ತಾನಾಗಿ ಬರುತ್ತದೆ.

ಬೆಳಗಾವಿಯ ತಾಯಿ: ಕೈ ಸುಟ್ಟದ್ದೇ ತಿಳಿಯದ ಹುಡುಗನನ್ನು ಒಂಟಿಕಾಲಿನಲ್ಲಿ ನಿಲ್ಲಿಸುತ್ತೀರಾ ಸರ್?

ಯೋಗ ಶಿಕ್ಷಕರು: ನಾನು ಮೇಡಂ ಅವರಿಗೆ ಹೇಳಿದ್ದು, ನಿಮಗಲ್ಲ.

ಬೆಳಗಾವಿಯ ತಾಯಿ: ಗುಂಪಿನಲ್ಲಿ ಬರೆದ ಮೇಲೆ ಎಲ್ಲರಿಗೂ ಹೇಳಿದಂತೆಯೇ.

ಶಿವಮೊಗ್ಗದ ಸದಸ್ಯರು: ಅಲೋಪತಿಯವರಿಗೆ ಯೋಗ ಕಂಡರೆ ಆಗುವುದಿಲ್ಲ, ಬಿಡಿ.

ಫಿಸಿಯೋ: ಯೋಗದ ಮೇಲೆ ನನಗೆ ಸಿಟ್ಟಿಲ್ಲ. ಪರೀಕ್ಷೆಯಾಗದೆ ಈ ಹುಡುಗನಿಗೆ ಆಸನವೂ ಬೇಡ, ನನ್ನ ವ್ಯಾಯಾಮವೂ ಬೇಡ. ಜಗಳವನ್ನು ಬೇರೆ ಕಡೆ ಆಡಿ.

ಹಾಸನದ ತಾಯಿ: ಬ್ರೇಸ್ ಎಷ್ಟು ಗಂಟೆ?

ಫಿಸಿಯೋ: ನಿಮ್ಮ ವೈದ್ಯರು ಬರೆದಷ್ಟು. ಸಾಮಾನ್ಯವಾಗಿ ದಿನಕ್ಕೆ 18 ಗಂಟೆ ಅಥವಾ ಹೆಚ್ಚು. 2013ರಲ್ಲಿ ಪ್ರಕಟವಾದ ಅಮೆರಿಕ, ಕೆನಡಾಗಳ ಅಧ್ಯಯನದಲ್ಲಿ ದಿನಕ್ಕೆ ಸರಾಸರಿ 13 ಗಂಟೆ ದಾಟಿಸಿದವರ ಪೈಕಿ ಹತ್ತರಲ್ಲಿ ಒಂಬತ್ತು ಮಕ್ಕಳ ಬಾಗು 50 ಡಿಗ್ರಿ (ಶಸ್ತ್ರಚಿಕಿತ್ಸೆಯ ಮಾತು ಬರುವ ಮಟ್ಟ) ಮುಟ್ಟಲಿಲ್ಲ. ಬೀರುವಿನಲ್ಲಿಟ್ಟ ಬ್ರೇಸ್‌ನಿಂದ ಏನೂ ಆಗದು.

ಗದಗದ ತಂದೆ: ಕೆಮ್ಮಿದಾಗ ತಲೆ ಹಿಡಿದುಕೊಳ್ಳುತ್ತಾನೆ ಮೇಡಂ. ದೀಪಾವಳಿ ರಜೆಯಲ್ಲಿ ತೋರಿಸಿದರೆ ನಡೆಯುತ್ತದೆಯೇ?

ಫಿಸಿಯೋ: ನಡೆಯುವುದಿಲ್ಲ. ನಾಳೆಯೇ ಹೊರಡಿ. ಎಕ್ಸ್‌ರೇ ಜೊತೆಗಿರಲಿ, ಹಂಚಿನ ವಿಷಯವನ್ನು ಮೊದಲು ಹೇಳಿ.

ಮಂಡ್ಯದ ತಂದೆ: ಮೇಡಂ, ಶಾಲೆಯ ಚೀಲದಿಂದ ಬೆನ್ನು ಬಾಗುತ್ತದೆಯೇ?

ಫಿಸಿಯೋ: ಮೇಲೆ ಓದಿ.