ಚರ್ಚೆ: ಈ ಐದು ಅಭ್ಯಾಸಗಳಿದ್ದರೆ ಮಾತ್ರೆ ಬೇಡ, ವೈದ್ಯರೂ ಬೇಡ

ಹೊಂಗಿರಣ:
ಆರು ವರ್ಷಗಳಿಂದ ಐದು ಅಭ್ಯಾಸಗಳನ್ನು ಒಂದು ದಿನವೂ ತಪ್ಪಿಸಿಲ್ಲ. ಸೂರ್ಯ ಹುಟ್ಟುವ ಮೊದಲು ಏಳುತ್ತೇನೆ. ಹತ್ತು ಸಾವಿರ ಹೆಜ್ಜೆ ನಡೆಯುತ್ತೇನೆ. ಎಂಟು ಲೋಟ ನೀರು ಕುಡಿಯುತ್ತೇನೆ. ಎಳೆ ಬಿಸಿಲಿನಲ್ಲಿ ಅರ್ಧ ಗಂಟೆ ಕೂರುತ್ತೇನೆ. ರಾತ್ರಿ ಹತ್ತಕ್ಕೆ ದೀಪ ಆರಿಸುತ್ತೇನೆ. ಮೊದಲು ತಿಂಗಳಿಗೆರಡು ಬಾರಿ ತಲೆನೋವಿನಿಂದ ಹಾಸಿಗೆ ಹಿಡಿಯುತ್ತಿದ್ದವನು ಈ ಆರು ವರ್ಷಗಳಲ್ಲಿ ಒಂದು ಮಾತ್ರೆಯನ್ನೂ ನುಂಗಿಲ್ಲ. ದೇಹಕ್ಕೆ ತನ್ನನ್ನು ತಾನು ಸರಿಪಡಿಸಿಕೊಳ್ಳಲು ಬರುತ್ತದೆ, ನಾವು ಅಡ್ಡ ಬರಬಾರದು ಅಷ್ಟೆ. ಒಪ್ಪದವರು ಕಾರಣ ಕೊಟ್ಟು ಮಾತನಾಡಿ.

ತರ್ಕಪ್ರಿಯ:
‘ಎಂಟು ಲೋಟ ನೀರು’ ಎಂಬಲ್ಲೇ ನಾನು ನಿಂತೆ. 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿ, ವಯಸ್ಕರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಸಾಕು ಎಂದು ಬರೆಯಿತು. ಅದರ ಬೆನ್ನಿಗೇ, ಇದರಲ್ಲಿ ಬಹುಪಾಲು ತಿನ್ನುವ ಆಹಾರದಲ್ಲೇ ಇರುತ್ತದೆ ಎಂದೂ ಬರೆಯಿತು. ಜನ ಮೊದಲ ಮಾತನ್ನು ಹಿಡಿದುಕೊಂಡರು, ಎರಡನೆಯದನ್ನು ಕೈಬಿಟ್ಟರು. 2002ರಲ್ಲಿ ಹೈನ್ಸ್ ವಾಲ್ಟಿನ್ ಎಂಬ ಶರೀರಕ್ರಿಯಾ ವಿಜ್ಞಾನಿ ಹಳೆಯ ಸಂಶೋಧನೆಗಳನ್ನು ಜಾಲಾಡಿ ನೋಡಿದರು. ಸಮಶೀತೋಷ್ಣ ಹವೆಯಲ್ಲಿ, ಹೆಚ್ಚು ಮೈದಣಿವಿಲ್ಲದೆ ಬದುಕುವ ಆರೋಗ್ಯವಂತರು ಎಂಟು ಲೋಟ ಕುಡಿಯಲೇಬೇಕು ಎನ್ನುವುದಕ್ಕೆ ಅವರಿಗೆ ಆಧಾರ ಸಿಗಲಿಲ್ಲ. ಯಾವ ಪುರಾವೆಯೂ ಇಲ್ಲದ ಸಂಖ್ಯೆಯನ್ನು ನೀವು ಇಲ್ಲಿ ನಿಯಮ ಮಾಡುತ್ತಿದ್ದೀರಿ.

ರಾತ್ರಿಪಾಳಿ:
ನನ್ನದೊಂದು ಪ್ರಶ್ನೆ. ವಾರದಲ್ಲಿ ಐದು ರಾತ್ರಿ ಕೆಲಸ, ಬೆಳಗ್ಗೆ ಏಳಕ್ಕೆ ಮನೆ ಸೇರುತ್ತೇನೆ. ಸೂರ್ಯ ಹುಟ್ಟುವಾಗ ನನಗೆ ಮಲಗುವ ಹೊತ್ತು. ನನ್ನಂಥವರು ಏನು ಮಾಡಬೇಕು?

ಸರಳಜೀವಿ:
‘ಯಾವ ಪುರಾವೆಯೂ ಇಲ್ಲ’ ಎಂದು ಅಷ್ಟು ಸಲೀಸಾಗಿ ಹೇಳಬೇಡಿ, ತರ್ಕಪ್ರಿಯರೇ. 1996ರಲ್ಲಿ ಇಟಲಿಯಲ್ಲಿ, ಮೂತ್ರಪಿಂಡದ ಕಲ್ಲು ಮೊದಲ ಬಾರಿ ಬಂದಿದ್ದ 199 ಮಂದಿಯ ಮೇಲೆ ಐದು ವರ್ಷ ನಡೆದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ದಿನಕ್ಕೆ ಎರಡು ಲೀಟರ್ ಮೂತ್ರ ಬರುವಷ್ಟು ನೀರು ಕುಡಿದವರಲ್ಲಿ ಶೇಕಡ 12 ಮಂದಿಗೆ ಮಾತ್ರ ಕಲ್ಲು ಮರುಕಳಿಸಿತು. ಉಳಿದವರಲ್ಲಿ ಶೇಕಡ 27. ಇದು ಪುರಾವೆಯಲ್ಲದಿದ್ದರೆ ಇನ್ನಾವುದು? ಕಲ್ಲಿನ ನೋವು ಉಂಡವರ ಮುಂದೆ ಹೋಗಿ ‘ನೀರಿಗೆ ಪುರಾವೆ ಇಲ್ಲ’ ಎಂದು ಹೇಳಿ ನೋಡಿ.

ತರ್ಕಪ್ರಿಯ:
ನೀವೇ ಬರೆದಿದ್ದೀರಿ, ‘ಕಲ್ಲು ಮೊದಲ ಬಾರಿ ಬಂದಿದ್ದ’ವರು. ಅವರು ರೋಗಿಗಳು. ಹೊಂಗಿರಣರು ಹೇಳಿದ್ದು ಎಲ್ಲರಿಗೂ. ಕಾಲು ಮುರಿದವನಿಗೆ ಊರುಗೋಲು ಒಳ್ಳೆಯದು ಎಂದು ನಡೆಯಬಲ್ಲವರ ಕೈಗೂ ಒಂದೊಂದು ಕೊಡುತ್ತೀರಾ?

ಸರಳಜೀವಿ:
ಊರುಗೋಲಿನ ಹೋಲಿಕೆ ಸಲ್ಲದು. ಊರುಗೋಲು ಕಾಲನ್ನು ದುರ್ಬಲಗೊಳಿಸುತ್ತದೆ, ನೀರು ಯಾರನ್ನು ದುರ್ಬಲಗೊಳಿಸಿದೆ? ಇನ್ನೊಂದು ಪ್ರಯೋಗ ಕೊಡುತ್ತೇನೆ. 2018ರಲ್ಲಿ, ಮೂತ್ರಕೋಶದ ಸೋಂಕು ಪದೇ ಪದೇ ಬರುತ್ತಿದ್ದ 140 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ದಿನವೂ ಒಂದೂವರೆ ಲೀಟರ್ ಹೆಚ್ಚುವರಿ ನೀರು ಕುಡಿಸಿದರು. ಒಂದು ವರ್ಷದಲ್ಲಿ ಅವರಿಗೆ ಸರಾಸರಿ 1.7 ಬಾರಿ ಸೋಂಕು ಬಂದರೆ, ಮಾಮೂಲಿಯಷ್ಟೇ ಕುಡಿದವರಿಗೆ 3.2 ಬಾರಿ. ಹೆಚ್ಚುಕಡಿಮೆ ಅರ್ಧ! ಆ್ಯಂಟಿಬಯೋಟಿಕ್ ಮಾತ್ರೆಗಳೂ ಅಷ್ಟೇ ಕಡಿಮೆಯಾದವು. ಹೊಂಗಿರಣರು ಹೇಳುತ್ತಿರುವುದೂ ಇದನ್ನೇ ಅಲ್ಲವೇ?

ತರ್ಕಪ್ರಿಯ:
ಆ ಅಧ್ಯಯನಕ್ಕೆ ಹಣ ಕೊಟ್ಟವರು ಯಾರು ಎಂಬುದನ್ನೂ ಬರೆಯಬೇಕಿತ್ತು. ಡಾನೋನ್. ಬಾಟಲಿ ನೀರು ಮಾರುವ ಕಂಪನಿ.

ಸರಳಜೀವಿ:
ಹಣ ಯಾರದಾದರೇನು, ಸೋಂಕು ಎಣಿಸಿದ್ದು ಪ್ರಯೋಗಾಲಯದಲ್ಲಿ. ಎಣಿಕೆ ತಪ್ಪೆಂದಾದರೆ ಅದನ್ನು ತೋರಿಸಿ. ಔಷಧ ಕಂಪನಿಗಳ ಹಣದಲ್ಲಿ ನಡೆದ ಪ್ರಯೋಗಗಳನ್ನೆಲ್ಲ ನೀವು ಹೀಗೆಯೇ ತಳ್ಳಿಹಾಕುತ್ತೀರಾ? ಹಾಗಿದ್ದರೆ ನಿಮ್ಮ ಮನೆಯ ಔಷಧದ ಡಬ್ಬಿಯಲ್ಲಿ ಏನೂ ಉಳಿಯುವುದಿಲ್ಲ.

ನಿವೃತ್ತ ದಾದಿ:
‘ನೀರು ಯಾರನ್ನು ದುರ್ಬಲಗೊಳಿಸಿದೆ’ ಎಂದು ಕೇಳಿದಿರಲ್ಲ ಸರಳಜೀವಿಯವರೇ, ನಾನು ನೋಡಿದ್ದೇನೆ. ಮೂವತ್ತೊಂದು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವಳು. ಹೃದಯ ದುರ್ಬಲವಾಗಿದ್ದ ಒಬ್ಬ ಹಿರಿಯರಿಗೆ ದಿನಕ್ಕೆ ಒಂದೂವರೆ ಲೀಟರ್ ಮೀರಬಾರದು ಎಂದು ವೈದ್ಯರು ಹೇಳಿ ಕಳುಹಿಸಿದ್ದರು. ಮನೆಯಲ್ಲಿ ಯಾರೋ ಹೇಳಿದರೆಂದು ಲೋಟ ಎಣಿಸಿ ಕುಡಿಯತೊಡಗಿದರು. ಹತ್ತು ದಿನಕ್ಕೆ ಹಿಂದಿರುಗಿ ಬಂದಾಗ ಅವರ ಪಾದದ ಮೇಲೆ ಬೆರಳೊತ್ತಿದರೆ ಗುಳಿ ಹಾಗೆಯೇ ಉಳಿಯುತ್ತಿತ್ತು. ರಾತ್ರಿಯಿಡೀ ಮಲಗಲಾಗದೆ ಕುಳಿತೇ ಉಸಿರಾಡಿದರು. ‘ಎಲ್ಲರೂ ಎಂಟು ಲೋಟ’ ಎಂದು ಓದಿದಾಗಲೆಲ್ಲ ನನಗೆ ಅವರ ಪಾದಗಳು ಕಾಣುತ್ತವೆ.

ಹೊಂಗಿರಣ:
ದಾದಿಯಮ್ಮ, ನಿಮ್ಮ ಬಗ್ಗೆ ಗೌರವವಿದೆ. ಆದರೆ ‘ಹೃದಯ ದುರ್ಬಲವಾಗಿದ್ದ’ವರ ಉದಾಹರಣೆ ತಂದು ಆರೋಗ್ಯವಂತರನ್ನು ಹೆದರಿಸುವುದು ಸರಿಯಲ್ಲ. ಕಲ್ಲಿನ ರೋಗಿಗಳ ಲೆಕ್ಕ ಬೇಡ ಎಂದು ತರ್ಕಪ್ರಿಯರು ಈಗತಾನೇ ಹೇಳಿದರು. ಹಾಗಾದರೆ ಹೃದಯದ ರೋಗಿಯ ಲೆಕ್ಕ ಹೇಗೆ ಬಂತು?

ನಿವೃತ್ತ ದಾದಿ:
ಆರೋಗ್ಯವಂತರ ಲೆಕ್ಕವೇ ಬೇಕೇ? 2002ರ ಬೋಸ್ಟನ್ ಮ್ಯಾರಥಾನ್ ಮುಗಿದಾಗ 488 ಓಟಗಾರರ ರಕ್ತ ಪರೀಕ್ಷಿಸಿದರು. ಶೇಕಡ 13ರಷ್ಟು ಮಂದಿಯಲ್ಲಿ ರಕ್ತದ ಉಪ್ಪಿನಂಶವಾದ ಸೋಡಿಯಂ ಇರಬೇಕಾದ ಮಟ್ಟಕ್ಕಿಂತ ಕೆಳಗಿತ್ತು. ಓಡುವಾಗ ಅತಿಯಾಗಿ ಕುಡಿದು, ಓಟ ಮುಗಿಯುವಾಗ ತೂಕ ಹೆಚ್ಚಿಸಿಕೊಂಡಿದ್ದವರಲ್ಲೇ ಇದು ಹೆಚ್ಚು. ಸೋಡಿಯಂ ಇಳಿದರೆ ತಲೆನೋವು, ವಾಂತಿ, ಗೊಂದಲ, ಆಮೇಲೆ ಫಿಟ್ಸ್. ಅವರೆಲ್ಲ 42 ಕಿಲೋಮೀಟರ್ ಓಡಬಲ್ಲ ಗಟ್ಟಿಗರು.

ಸರಳಜೀವಿ:
‘42 ಕಿಲೋಮೀಟರ್’ ಓಡುವವರು ಈ ಚರ್ಚೆಯಲ್ಲಿ ಎಷ್ಟು ಮಂದಿ ಇದ್ದಾರೆ? ದಿನವಿಡೀ ಎಂಟು ಲೋಟವನ್ನು ಹಂಚಿ ಕುಡಿಯುವುದಕ್ಕೂ ನಾಲ್ಕು ಗಂಟೆ ಓಡುತ್ತ ಲೀಟರುಗಟ್ಟಲೆ ಸುರಿದುಕೊಳ್ಳುವುದಕ್ಕೂ ಅಜಗಜಾಂತರ.

ಅಳತೆಗೋಲು:
ಯಾರೂ ಕೇಳದ ಪ್ರಶ್ನೆ ನಾನು ಕೇಳುತ್ತೇನೆ. ಲೋಟ ಎಂದರೆ ಎಷ್ಟು? ಇಂಗ್ಲಿಷ್ ಬರಹಗಳಲ್ಲಿ ಬರುವ ಲೋಟ ಎಂಟು ಔನ್ಸ್, ಅಂದರೆ ಸುಮಾರು 240 ಮಿಲಿಲೀಟರ್. ಎಂಟು ಸೇರಿದರೆ 1.9 ಲೀಟರ್. ನಮ್ಮ ಮನೆಯ ಲೋಟಕ್ಕೆ ಅಳತೆ ಪಾತ್ರೆಯಿಂದ ಸುರಿದು ನೋಡಿದೆ, 160 ಮಿಲಿಲೀಟರ್ ಹಿಡಿಯಿತು. ಎಂಟು ಸೇರಿದರೆ 1.3 ಲೀಟರ್ ಕೂಡ ಆಗುವುದಿಲ್ಲ. ಹೊಂಗಿರಣರೇ, ನಿಮ್ಮ ಲೋಟ ಎಷ್ಟು ಹಿಡಿಯುತ್ತದೆ?

ಹೊಂಗಿರಣ:
ಅಳೆದಿಲ್ಲ. ಸಾಮಾನ್ಯ ಲೋಟ. ಅಳತೆ ಮುಖ್ಯವಲ್ಲ, ಕ್ರಮ ಮುಖ್ಯ.

ತರ್ಕಪ್ರಿಯ:
‘ಅಳತೆ ಮುಖ್ಯವಲ್ಲ’! ಹಾಗಾದರೆ ಎಂಟು ಎಂಬ ಅಳತೆಯನ್ನು ಮೊದಲು ತಂದವರು ಯಾರು? ಆರು ವರ್ಷ ನಿಮ್ಮನ್ನು ಕಾಪಾಡಿದ್ದು ಎಷ್ಟು ನೀರು ಎಂಬುದೇ ನಿಮಗೆ ತಿಳಿಯದು. ಅದರ ಆಧಾರದ ಮೇಲೆ ಊರಿಗೆಲ್ಲ ವೈದ್ಯರು ಬೇಡ ಎಂದು ಹೇಳುತ್ತಿದ್ದೀರಿ. ಇದು ಬೇಜವಾಬ್ದಾರಿ.

ಹೊಂಗಿರಣ:
ಬೇಜವಾಬ್ದಾರಿ ಎಂಬ ಮಾತನ್ನು ಹಿಂತೆಗೆದುಕೊಳ್ಳಿ. ನಾನು ಏನನ್ನೂ ಮಾರುತ್ತಿಲ್ಲ. ನನಗೆ ಒಳ್ಳೆಯದಾಗಿದ್ದನ್ನು ನಾಲ್ಕು ಜನರೊಂದಿಗೆ ಹಂಚಿಕೊಂಡೆ. ನೀವು ಇಲ್ಲಿಯವರೆಗೆ ಒಬ್ಬರಿಗಾದರೂ ಒಂದು ಒಳ್ಳೆಯ ಅಭ್ಯಾಸ ಹೇಳಿಕೊಟ್ಟಿದ್ದೀರಾ? ಎಲ್ಲದಕ್ಕೂ ಇಸವಿ ಹೇಳುತ್ತೀರಿ ಅಷ್ಟೆ.

ತರ್ಕಪ್ರಿಯ:
ಹಿಂತೆಗೆದುಕೊಳ್ಳುವುದಿಲ್ಲ. ಅಭ್ಯಾಸ ತಾನೇ? ಕೊಡುತ್ತೇನೆ. ಬಾಯಾರಿದಾಗ ಕುಡಿಯಿರಿ. ರಕ್ತದ ಸಾಂದ್ರತೆ ಶೇಕಡ 2ರಷ್ಟು ಏರುವ ಮೊದಲೇ ಮಿದುಳು ಬಾಯಾರಿಕೆ ಹುಟ್ಟಿಸುತ್ತದೆ, ಮೂತ್ರಪಿಂಡಕ್ಕೂ ನೀರು ಉಳಿಸಲು ಹೇಳಿ ಕಳುಹಿಸುತ್ತದೆ. ನಿರ್ಜಲೀಕರಣ ಎನ್ನುವ ಮಟ್ಟ ಅದಕ್ಕಿಂತ ಬಹಳ ಆಚೆಗಿದೆ. ದೇಹಕ್ಕೆ ತನ್ನನ್ನು ತಾನು ಸರಿಪಡಿಸಿಕೊಳ್ಳಲು ಬರುತ್ತದೆ ಎಂದವರು ನೀವು. ಹಾಗಿದ್ದರೆ ಅದರ ಬಾಯಾರಿಕೆಯನ್ನು ಏಕೆ ನಂಬುತ್ತಿಲ್ಲ?

ಸರಳಜೀವಿ:
‘ಬಾಯಾರಿದಾಗ ಕುಡಿಯಿರಿ’ ಎಂಬುದೇ ಅಪಾಯದ ಸಲಹೆ. ವಯಸ್ಸಾದವರಿಗೆ ಬಾಯಾರಿಕೆ ಮೊಂಡಾಗುತ್ತದೆ. 1984ರ ಒಂದು ಪ್ರಯೋಗದಲ್ಲಿ ಯುವಕರನ್ನೂ 67ರಿಂದ 75 ವಯಸ್ಸಿನ ಆರೋಗ್ಯವಂತ ಗಂಡಸರನ್ನೂ 24 ಗಂಟೆ ನೀರಿಲ್ಲದೆ ಇರಿಸಿದರು. ಆಮೇಲೆ ನೀರು ಕೊಟ್ಟಾಗ ಹಿರಿಯರು ಕಡಿಮೆ ಕುಡಿದರು, ಬಾಯಾರಿಕೆಯೂ ಅಷ್ಟಿಲ್ಲ ಎಂದರು. ನನ್ನ ತಂದೆಗೆ 78. ಅವರು ತಾವಾಗಿ ನೀರು ಕೇಳುವುದೇ ಇಲ್ಲ. ಕಳೆದ ವರ್ಷ ಎದ್ದು ನಿಂತವರು ಕುಸಿದು ಬಿದ್ದರು, ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದು ವೈದ್ಯರು ಹೇಳಿದರು. ಅಂದಿನಿಂದ ನಾನೇ ಹೊತ್ತುಹೊತ್ತಿಗೆ ಲೋಟ ಹಿಡಿದು ಎದುರು ನಿಲ್ಲುತ್ತೇನೆ. ಪುಸ್ತಕ ಓದಿಕೊಂಡು ನನ್ನ ತಂದೆಯ ಬಾಯಾರಿಕೆಯನ್ನು ನಂಬು ಎಂದು ಹೇಳಬೇಡಿ.

ನಿವೃತ್ತ ದಾದಿ:
ತಂದೆಗೆ ನೀವು ಮಾಡುತ್ತಿರುವುದು ಸರಿ. ಅವರ ಹೃದಯ, ಮೂತ್ರಪಿಂಡ ನೋಡಿದ ವೈದ್ಯರನ್ನು ಎಷ್ಟು ಎಂದು ಒಮ್ಮೆ ಕೇಳಿಕೊಳ್ಳಿ, ಅಷ್ಟೇ ನನ್ನ ಮಾತು.

ತರ್ಕಪ್ರಿಯ:
ನನ್ನ ಮಾತು ಆರೋಗ್ಯವಂತ ವಯಸ್ಕರ ಬಗ್ಗೆ ಎಂದು ಮೊದಲ ಬರಹದಲ್ಲೇ ಇದೆ.

ಅಳತೆಗೋಲು:
ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಮಹಿಳೆಯರಿಗೆ 2 ಲೀಟರ್, ಪುರುಷರಿಗೆ 2.5 ಲೀಟರ್ ಎಂದಿತು. ಅಮೆರಿಕದವರು 2004ರಲ್ಲಿ 2.7 ಮತ್ತು 3.7 ಎಂದಿದ್ದರು. ಎರಡೂ ಆಹಾರದ ನೀರನ್ನು ಸೇರಿಸಿಯೇ. ಎರಡು ದೊಡ್ಡ ಸಂಸ್ಥೆಗಳ ನಡುವೆಯೇ ಪುರುಷರ ಲೆಕ್ಕದಲ್ಲಿ ಒಂದು ಲೀಟರಿಗಿಂತ ಹೆಚ್ಚು ಅಂತರ. ಆದ್ದರಿಂದ ಮೊದಲು ಲೋಟದ ಅಳತೆಯನ್ನು ಒಪ್ಪಿಕೊಂಡು ಆಮೇಲೆ ಜಗಳವಾಡೋಣ.

ಸರಳಜೀವಿ:
240 ಮಿಲಿಲೀಟರನ್ನೇ ಲೋಟ ಎನ್ನಬೇಕು ಎಂಬ ಕಟ್ಟಳೆ ಎಲ್ಲಿದೆ? ಪಾತ್ರೆ ಮನೆಮನೆಗೆ ಬೇರೆ. ಮೂತ್ರದ ಬಣ್ಣ ನೋಡಿದರೆ ಸಾಕು. ತಿಳಿ ಹಳದಿ ಇದ್ದರೆ ಸರಿ, ಗಾಢವಾದರೆ ಕುಡಿಯಿರಿ.

ಅಳತೆಗೋಲು:
ಬಣ್ಣವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಬಿ ಗುಂಪಿನ ವಿಟಮಿನ್ ಮಾತ್ರೆ ನುಂಗಿದ ದಿನ ಎಷ್ಟು ನೀರು ಕುಡಿದರೂ ಕಡು ಹಳದಿ ಬರುತ್ತದೆ, ಅದರಲ್ಲಿರುವ ರೈಬೋಫ್ಲೇವಿನ್ ಎಂಬ ವಿಟಮಿನ್ ಕಾರಣ.

ಹೊಂಗಿರಣ:
ಮಾತ್ರೆಯೇ ನುಂಗಬೇಡಿ ಎಂದು ಇದಕ್ಕೇ ನಾನು ಹೇಳಿದ್ದು.

ದಾರಿಹೋಕಿ:
ನಲವತ್ತು ಬರಹ ಬರೀ ನೀರಿನ ಮೇಲೆ ಆಗುವ ಮೊದಲು ನಡಿಗೆಯ ಬಗ್ಗೆ ಯಾರಾದರೂ ಮಾತನಾಡಿ. ಹತ್ತು ಸಾವಿರ ಎಂಬುದು 1965ರಲ್ಲಿ ಜಪಾನಿನ ಒಂದು ಹೆಜ್ಜೆ ಎಣಿಸುವ ಸಾಧನದ ಹೆಸರು. ಆದರೆ ನಡಿಗೆಯ ಲಾಭ ಸುಳ್ಳಲ್ಲ. 2019ರಲ್ಲಿ ಸುಮಾರು 17 ಸಾವಿರ ಹಿರಿಯ ಮಹಿಳೆಯರ ಅಧ್ಯಯನದಲ್ಲಿ, ದಿನಕ್ಕೆ 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವಿನ ಪ್ರಮಾಣ ಶೇಕಡ 41ರಷ್ಟು ಕಡಿಮೆ ಇತ್ತು. 7,500 ದಾಟಿದ ಮೇಲೆ ಲಾಭ ಏರಲಿಲ್ಲ. ಮಂಡಿನೋವಿನ ನನ್ನಂಥವಳಿಗೆ ಈ ಸುದ್ದಿ ದೊಡ್ಡದು. ಹತ್ತು ಸಾವಿರ ಆಗದೆಂದು ಎರಡು ವರ್ಷ ಮನೆಯಲ್ಲೇ ಕುಳಿತಿದ್ದೆ.

ತರ್ಕಪ್ರಿಯ:
ನಡೆಯಬಲ್ಲಷ್ಟು ಆರೋಗ್ಯ ಇದ್ದವರೇ ಹೆಚ್ಚು ನಡೆಯುತ್ತಾರೆ. ಕಾರಣ ಯಾವುದು, ಪರಿಣಾಮ ಯಾವುದು? 1953ರಲ್ಲಿ ಜೆರ್ರಿ ಮಾರಿಸ್ ಎಂಬ ಸಂಶೋಧಕರು ಲಂಡನ್ ಬಸ್‌ಗಳ ಕಂಡಕ್ಟರುಗಳಿಗಿಂತ ಕುಳಿತೇ ಇರುವ ಚಾಲಕರಿಗೆ ಹೃದ್ರೋಗ ಹೆಚ್ಚು ಎಂದು ತೋರಿಸಿದರು. ಆದರೆ 1956ರಲ್ಲಿ ಅವರೇ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿದಾಗ, ಚಾಲಕರ ಸೊಂಟ ಕೆಲಸಕ್ಕೆ ಸೇರುವಾಗಲೇ ದಪ್ಪ ಇತ್ತು.

ದಾರಿಹೋಕಿ:
ಸೊಂಟದ ಲೆಕ್ಕ ನನಗೆ ಬೇಡ. ನಾನು ಈಗ ದಿನವೂ ಐದು ಸಾವಿರ ನಡೆಯುತ್ತೇನೆ, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವುದಿಲ್ಲ.

ರಾತ್ರಿಪಾಳಿ:
ನಾನು ಕೇಳಿದ್ದು ಎಲ್ಲೋ ಮೇಲೆ ಹೂತುಹೋಯಿತು. ಮತ್ತೆ ಕೇಳುತ್ತೇನೆ. ರಾತ್ರಿ ಪಾಳಿಯನ್ನು ಕ್ಯಾನ್ಸರ್ ತರಬಹುದಾದ ಅಂಶಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ ಎಂದು ಓದಿ ಹೆದರಿದ್ದೇನೆ. ಹಗಲು ನಾಲ್ಕು ಗಂಟೆಗಿಂತ ಹೆಚ್ಚು ನಿದ್ದೆ ಬರುವುದಿಲ್ಲ. ಕೆಲಸ ಬಿಡುವ ಸ್ಥಿತಿಯಲ್ಲಿ ಇಲ್ಲ.

ಹೊಂಗಿರಣ:
ಪ್ರಕೃತಿಯ ವಿರುದ್ಧ ಬದುಕಿದರೆ ದೇಹ ಲೆಕ್ಕ ಕೇಳಿಯೇ ಕೇಳುತ್ತದೆ. ಸಾಧ್ಯವಾದಷ್ಟು ಬೇಗ ಹಗಲಿನ ಕೆಲಸ ಹುಡುಕಿಕೊಳ್ಳಿ.

ನಿವೃತ್ತ ದಾದಿ:
ಹೊಂಗಿರಣರೇ, ‘ಹುಡುಕಿಕೊಳ್ಳಿ’ ಎಂದು ಹೇಳುವುದು ಸುಲಭ. ವಾರ್ಡಿನಲ್ಲಿ ರಾತ್ರಿ ಎಚ್ಚರವಿದ್ದವರ ಕೈಯಲ್ಲೇ ಎಷ್ಟೋ ಜೀವ ಉಳಿದಿದೆ. ರಾತ್ರಿಪಾಳಿಯವರೇ, ಇಷ್ಟು ತಡವಾಗಿ ಉತ್ತರಿಸಿದ್ದಕ್ಕೆ ಬೇಸರಿಸಬೇಡಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲೂ 2019ರಲ್ಲೂ ಹೇಳಿದ್ದು ‘ಬಹುಶಃ ಕಾರಕ’ ಎಂದು. ಆ ವರ್ಗೀಕರಣ ಪುರಾವೆ ಎಷ್ಟು ಬಲವಾಗಿದೆ ಎಂದು ಹೇಳುತ್ತದೆ, ನಿಮಗೆ ಬಂದೇ ಬರುತ್ತದೆ ಎಂದು ಹೇಳುವುದಿಲ್ಲ. ನಾನು ಮಾಡುತ್ತಿದ್ದುದನ್ನು ಹೇಳುತ್ತೇನೆ. ಪಾಳಿ ಮುಗಿದು ಮನೆಗೆ ಬರುವಾಗ ಕಪ್ಪು ಕನ್ನಡಕ ಹಾಕುತ್ತಿದ್ದೆ, ನೀವೇ ವಾಹನ ಓಡಿಸುವವರಾಗಿದ್ದು ತೂಕಡಿಕೆ ಬರುವಂತಿದ್ದರೆ ಅದು ಬೇಡ. ಮಲಗುವ ಕೋಣೆಯ ಕಿಟಕಿಗೆ ಕಡುಗಪ್ಪು ದಪ್ಪ ಬಟ್ಟೆ. ಪಾಳಿಯ ಕೊನೆಯರ್ಧದಲ್ಲಿ ಕಾಫಿ ಇಲ್ಲ. ರಜೆಯ ದಿನವೂ ಬೆಳಗಿನ ಎಂಟರಿಂದ ಹನ್ನೆರಡರವರೆಗಿನ ನಿದ್ದೆಯನ್ನು ಬಿಡುತ್ತಿರಲಿಲ್ಲ, ಉಳಿದದ್ದನ್ನು ಸಂಜೆ ಕೆಲಸಕ್ಕೆ ಹೋಗುವ ಮೊದಲು ತೀರಿಸುತ್ತಿದ್ದೆ. ನಾಲ್ಕು ಗಂಟೆಯೇ ತಿಂಗಳುಗಟ್ಟಲೆ ಮುಂದುವರಿದರೆ ವೈದ್ಯರನ್ನು ಕಾಣಿ.

ಸರಳಜೀವಿ:
ಮಲಗುವುದಕ್ಕೆ ಮುಂಚಿನ ಎರಡು ಗಂಟೆ ನೀರು ಕಡಿಮೆ ಮಾಡಿ, ಮಧ್ಯೆ ಏಳಬೇಕಾಗುವುದಿಲ್ಲ.

ತರ್ಕಪ್ರಿಯ:
ನೀರು ಕಡಿಮೆ ಮಾಡಿ ಎಂದು ಕೊನೆಗೆ ನೀವೇ ಬರೆದಿರಿ.

ಸರಳಜೀವಿ:
ಮಲಗುವ ಮೊದಲು ಎಂದು ಬರೆದಿದ್ದೇನೆ. ಪೂರ್ತಿ ಓದಿ.

ರಾತ್ರಿಪಾಳಿ:
ದಾದಿಯಮ್ಮ, ಕೃತಜ್ಞತೆಗಳು. ಕಿಟಕಿಗೆ ಸದ್ಯಕ್ಕೆ ಹಳೆಯ ಕಂಬಳಿಯನ್ನು ಮೊಳೆ ಹೊಡೆದು ಕಟ್ಟಿದ್ದೇನೆ. ಒಂದು ಮೂಲೆಯಿಂದ ಇನ್ನೂ ಬೆಳಕು ಬರುತ್ತಿದೆ, ನಾಳೆ ಅದನ್ನೂ ಮುಚ್ಚುತ್ತೇನೆ.